ಬೀಜದೊಳಗಿನ ಅಳಿವು ಉಳಿವು

ಚಿಗುರುವುದು ಬದುಕಿನ ಲಕ್ಷಣ, ಬಾಡುವುದು ಸಾವಿನ ಲಕ್ಷಣ ಎಂಬುದು ಲೋಕರೂಢಿಯ ಮಾತು. ಒಂದು ಇರುವಲ್ಲಿ ಮತ್ತೊಂದಕ್ಕೆ ಎಡೆಯಿಲ್ಲವೆಂದೇ ಜನ ಭಾವಿಸುತ್ತಾರೆ. ಆದರೆ ಸಸ್ಯಗಳ ಒಡಲನ್ನು ಸೂಕ್ಷ್ಮದರ್ಶಕದ ಮೂಲಕ ಪರೀಕ್ಷಿಸಿದ ವಿಜ್ಞಾನಿಗಳಿಗೆ ಬೇರೊಂದು ಸತ್ಯ ಗೋಚರಿಸಿದೆ. ಗಿಡವೊಂದು ಬೆಳೆಯಬೇಕಾದರೆ ಅದರ ಕೆಲವು ಜೀವಕೋಶಗಳು ಗೊತ್ತಾದ ಕಾಲದಲ್ಲಿ, ಗೊತ್ತಾದ ಸ್ಥಳದಲ್ಲಿ ಸಾಯಲೇಬೇಕು. ರೋಗದಿಂದಲೋ ಪೆಟ್ಟಿನಿಂದಲೋ ಬರುವ ಸಾವು ಇದಲ್ಲ. ಬೆಳವಣಿಗೆಯ ಕ್ರಮದಲ್ಲಿಯೇ ಅಡಕವಾಗಿರುವ ಸಾವು. ವಿಜ್ಞಾನಿಗಳು ಇದನ್ನು ಯೋಜಿತ ಕೋಶಮರಣ ಎಂದು ಕರೆಯುತ್ತಾರೆ.

ಇದರ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಹೆಬಳೆಯಿಂದ ಹೊನ್ನಾವರ, ಕುಮಟೆಗಳವರೆಗಿನ ಕರಾವಳಿಯಲ್ಲಿ ಮಳೆಗಾಲ ಬಂದಿತೆಂದರೆ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿರುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವನ್ನು ರೈತರು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ಉಪ್ಪನ್ನೂ ನೆರೆಯನ್ನೂ ಅದು ತಾಳಿಕೊಳ್ಳಬಲ್ಲದು. ನೀರು ತುಂಬಿದ ಕೆಸರಿನಲ್ಲಿ ಬೇರುಗಳಿಗೆ ಗಾಳಿ ದೊರೆಯುವುದು ಕಷ್ಟ. ಹೀಗಿದ್ದರೂ ಭತ್ತದ ಬೇರು ಕೊಳೆಯುವುದಿಲ್ಲ. ಬೇರಿನ ಹೊರಪದರದ ಅನೇಕ ಜೀವಕೋಶಗಳು ತಾವಾಗಿ ಸತ್ತು ಕರಗುತ್ತವೆ. ಅವು ಇದ್ದ ಎಡೆಗಳು ಉದ್ದನೆಯ ಗಾಳಿಕೊಳವೆಗಳಾಗುತ್ತವೆ. ಎಲೆಯ ಕಡೆಯಿಂದ ಇಳಿದ ಗಾಳಿ ಈ ಕೊಳವೆಗಳ ಮೂಲಕ ಬೇರಿನ ತುದಿಯನ್ನು ಮುಟ್ಟುತ್ತದೆ. ಕೆಲವು ಕೋಶಗಳ ಅಳಿವೇ ಬೇರಿನ ಉಳಿವಿಗೆ ದಾರಿಯಾಗುತ್ತದೆ.

ಯೋಜಿತ ಕೋಶಮರಣದ ಅತ್ಯಂತ ವಿಸ್ಮಯಕರವಾದ ನಿದರ್ಶನವು ದೇವದಾರು, ಪೈನ್, ಸ್ಪ್ರೂಸ್ ಮುಂತಾದ ಶಂಕುಧಾರಿ ಮರಗಳ ಬೀಜದಲ್ಲಿ ಕಾಣಸಿಗುತ್ತದೆ. ಕರಾವಳಿಯ ಮರಳದಂಡೆಯಲ್ಲಿ ಸಾಲುಸಾಲಾಗಿ ಬೆಳೆಯುವ ಗಾಳಿಮರವನ್ನು ನೋಡಿ ಅದೂ ಈ ಗುಂಪಿನದೆಂದು ಹಲವರು ತಿಳಿಯುವುದುಂಟು. ಸೂಜಿಯಂತೆ ಕಾಣುವ ಅದರ ಎಳೆಗಳು ಎಲೆಗಳಲ್ಲ, ಸಣ್ಣ ಕೊಂಬೆಗಳು. ಗಾಳಿಮರ ಹೂ ಬಿಡುವ ಸಸ್ಯವರ್ಗಕ್ಕೆ ಸೇರಿದ್ದು. ನಿಜವಾದ ಶಂಕುಧಾರಿಗಳಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ. ಅವುಗಳ ಬೀಜಗಳು ಹಣ್ಣಿನೊಳಗೆ ಅಡಗಿರದೆ ಶಂಕುವಿನ ಹಲಗೆಗಳ ಮೇಲೆ ತೆರೆದೇ ಇರುತ್ತವೆ. ಭಾರತದಲ್ಲಿ ಇವುಗಳ ತವರು ಮುಖ್ಯವಾಗಿ ಹಿಮಾಲಯದ ಇಳಿಜಾರುಗಳು.

ಪೈನ್ ಮರದ ಒಂದು ಬೀಜದಲ್ಲಿ ಆರಂಭದಲ್ಲಿ ಇರುವುದು ಒಂದೇ ಭ್ರೂಣವಲ್ಲ. ಬೀಜವಾಗಲಿರುವ ಅಂಡಕದೊಳಗೆ ಒಂದಕ್ಕಿಂತ ಹೆಚ್ಚು ತತ್ತಿಗಳಿರುತ್ತವೆ. ಬೇರೆ ಬೇರೆ ಪರಾಗಕಣಗಳಿಂದ ಅವು ಫಲಿತವಾಗಬಹುದು. ಅಷ್ಟು ಸಾಲದೆಂಬಂತೆ ಹೀಗೆ ಹುಟ್ಟಿದ ಎಳೆಯ ಭ್ರೂಣವೊಂದು ಸೀಳಿ ನಾಲ್ಕಾಗುತ್ತದೆ. ಒಂದೇ ಮನೆಯಲ್ಲಿ ಹಲವು ಮಕ್ಕಳು ಹುಟ್ಟಿದಂತಾಯಿತು. ಆದರೆ ಆ ಮನೆಯಲ್ಲಿ ಕೂಡಿಟ್ಟ ಆಹಾರ ಒಬ್ಬರಿಗಾಗುವಷ್ಟೇ. ಕೆಲಕಾಲದಲ್ಲಿ ಒಂದು ಭ್ರೂಣ ಮುಂದಾಗಿ ಬೆಳೆಯುತ್ತದೆ. ಉಳಿದವು ಒಂದೊಂದಾಗಿ ಅಳಿಯುತ್ತವೆ. ಅವು ಬರಿಯ ಹಸಿವಿನಿಂದ ಸೊರಗಿ ಸಾಯುವುದಿಲ್ಲ, ಯೋಜಿತ ಕೋಶಮರಣದ ಕ್ರಮದಲ್ಲಿ ವಿಸರ್ಜನೆಗೊಳ್ಳುತ್ತವೆ ಎಂಬುದನ್ನು ಸ್ಕಾಟ್ಸ್ ಪೈನ್ ಬೀಜಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು.

ಉಳಿದ ಒಂದು ಭ್ರೂಣದಲ್ಲಿಯೂ ಸಾವಿನ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ಎರಡು ಭಾಗಗಳು ಕಾಣಿಸಿಕೊಳ್ಳುತ್ತವೆ. ಮುಂದಿನದು ಸಣ್ಣ ಕೋಶಗಳ ದಟ್ಟವಾದ ಉಂಡೆ; ಬೇರು, ಕಾಂಡ, ಎಲೆಗಳೆಲ್ಲವೂ ಮುಂದೆ ಮೂಡಬೇಕಾದುದು ಇದರಿಂದಲೇ. ಹಿಂದಿನದು ನೀಳವಾದ ಕೋಶಗಳ ದಂಡ. ಅದಕ್ಕೆ ನಿಲಂಬಕ ಎಂದು ಹೆಸರು. ಭ್ರೂಣವನ್ನು ಆಹಾರದ ರಾಶಿಯ ನಡುವಿಗೆ ತಳ್ಳುವುದು ನಿಲಂಬಕದ ಕೆಲಸ. ಉಂಡೆಯ ಬುಡದಿಂದ ಹೊಸ ಕೋಶಗಳು ಬಂದು ಈ ದಂಡವನ್ನು ಸೇರುತ್ತವೆ. ಸೇರಿದವು ಮತ್ತೆ ವಿಭಜನೆಯಾಗವು. ಅವು ಉದ್ದವಾಗಿ ಚಾಚಿಕೊಂಡು, ಹಂತಹಂತವಾಗಿ ಸತ್ತು, ಕೊನೆಗೆ ಬರಿಯ ಗೋಡೆಗಳಾಗಿ ಉಳಿಯುತ್ತವೆ. ಉಂಡೆಯ ಸಮೀಪದಲ್ಲಿ ಜೀವಂತ ಕೋಶ, ಅದರ ಹಿಂದೆ ಸಾಯುತ್ತಿರುವ ಕೋಶ, ತುದಿಯಲ್ಲಿ ಟೊಳ್ಳಾದ ಕೋಶ - ಹೀಗೆ ಬದುಕಿನಿಂದ ಸಾವಿನವರೆಗಿನ ಎಲ್ಲ ಹಂತಗಳೂ ಒಂದೇ ಸಾಲಿನಲ್ಲಿ ಕಾಣುತ್ತವೆ.

ಸಸ್ಯಭ್ರೂಣಗಳ ಅಧ್ಯಯನದಲ್ಲಿ ಭಾರತೀಯರ ಪಾಲು ದೊಡ್ಡದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪಂಚಾನನ ಮಾಹೇಶ್ವರಿ (1904-1966) ಈ ಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದರು. ಕನ್ನಡಿಗರಿಗೆ ‘ಹಸುರು ಹೊನ್ನು’ ಗ್ರಂಥದ ಕರ್ತೃವೆಂದು ಪರಿಚಿತರಾದ ಬಿ.ಜಿ.ಎಲ್. ಸ್ವಾಮಿ (1918-1980) ಅವರು ಸೀತೆದಂಡೆಯ ಕುಲದ ಸಸ್ಯಗಳಾದ ಆರ್ಕಿಡ್‌ಗಳ ಭ್ರೂಣಗಳನ್ನು ಆಳವಾಗಿ ಅಭ್ಯಸಿಸಿದ ಸಸ್ಯವಿಜ್ಞಾನಿಗಳು. ಆ ಪೀಳಿಗೆಯವರ ಕೈಯಲ್ಲಿದ್ದ ಮುಖ್ಯ ಸಾಧನಗಳು ತೆಳುವಾಗಿ ಕತ್ತರಿಸಿದ ಅಂಗಾಂಶ, ಬಣ್ಣ ಮತ್ತು ಸೂಕ್ಷ್ಮದರ್ಶಕ. ನಿಲಂಬಕ ಬಾಡುವುದನ್ನು ಅವು ತೋರಿಸಬಲ್ಲವಾಗಿದ್ದವು. ಬಾಡುವಂತೆ ಆಜ್ಞೆ ಮಾಡುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ವಂಶವಾಹಿಗಳ ವಿಜ್ಞಾನ ಬೆಳೆಯಬೇಕಾಯಿತು.

ಈ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಿಂದ. ಅದರ ಬೆಳವಣಿಗೆಯಲ್ಲಿ ಹುಟ್ಟುವ 1090 ದೇಹಕೋಶಗಳ ಪೈಕಿ 131 ತಪ್ಪದೆ ಸಾಯುತ್ತವೆ. ಈ ಸಾವನ್ನು ನಡೆಸುವ ವಂಶವಾಹಿಗಳು ಪತ್ತೆಯಾದವು. ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಜ್, ಜಾನ್ ಸಲ್ಸ್‌ಟನ್ ಅವರಿಗೆ 2002ರ ನೊಬೆಲ್ ಪಾರಿತೋಷಕ ಸಂದಿತು. ಹುಳುವಿನಲ್ಲಿಯೂ ಮನುಷ್ಯನಲ್ಲಿಯೂ ಈ ಕೆಲಸವನ್ನು ನೆರವೇರಿಸುವುದು ಕ್ಯಾಸ್ಪೇಸ್ ಎಂಬ ಕಿಣ್ವಗಳು. ಅವು ಕತ್ತರಿಯಂತೆ ಆಯ್ದ ಪ್ರೋಟೀನುಗಳನ್ನು ತುಂಡರಿಸುತ್ತವೆ. ಸಸ್ಯಗಳಲ್ಲಿ ಕ್ಯಾಸ್ಪೇಸ್ ಇಲ್ಲ. ಅದರ ದೂರದ ಬಂಧುವಾದ ಮೆಟಾಕ್ಯಾಸ್ಪೇಸ್ ಇದೆ.

ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿ ಸಾರಾ ಫಾನ್ ಆರ್ನಾಲ್ಡ್, ಪೀಟರ್ ಬೋಷ್ಕೋವ್ ಮತ್ತು ಅವರ ಸಂಗಡಿಗರು ನಾರ್ವೆ ಸ್ಪ್ರೂಸ್ ಮರದ ಭ್ರೂಣಗಳನ್ನು ಪ್ರಯೋಗಶಾಲೆಯ ಪಾತ್ರೆಗಳಲ್ಲಿಯೇ ಬೆಳೆಸುವ ಕ್ರಮವನ್ನು ಬಳಸಿಕೊಂಡರು. ಪೋಷಕ ದ್ರವದಿಂದ ಸಸ್ಯಹಾರ್ಮೋನುಗಳನ್ನು ತೆಗೆದೊಡನೆ ಕೋಶಗಳ ಮುದ್ದೆಯಿಂದ ಭ್ರೂಣಗಳು ಮೂಡತೊಡಗುತ್ತವೆ. ಆಗ ಸಾವು ಎರಡು ಅಲೆಗಳಾಗಿ ಬರುತ್ತದೆ ಎಂಬುದು 2000ದಲ್ಲಿ ತಿಳಿದುಬಂದಿತು. ಮೊದಲ ಅಲೆಯಲ್ಲಿ ಭ್ರೂಣವನ್ನು ಹೆತ್ತ ಮುದ್ದೆ ಕರಗುತ್ತದೆ. ಎರಡನೆಯದರಲ್ಲಿ ನಿಲಂಬಕ ಅಳಿಯುತ್ತದೆ.

ಅನಂತರ ನಡೆದ ಪರೀಕ್ಷೆ ನಿರ್ಣಾಯಕವಾದುದು. ಸ್ಪ್ರೂಸ್ ಮರದಲ್ಲಿ ಮೆಟಾಕ್ಯಾಸ್ಪೇಸ್ ಕಿಣ್ವವನ್ನು ಉಂಟುಮಾಡುವ ಒಂದು ವಂಶವಾಹಿಯನ್ನು ವಿಜ್ಞಾನಿಗಳು ಅಡಗಿಸಿದರು. ಸಾವು ತಪ್ಪಿದ್ದರಿಂದ ಭ್ರೂಣ ಇನ್ನಷ್ಟು ಪುಷ್ಟವಾಗಿ ಬೆಳೆಯಬಹುದೆಂದು ಯಾರಾದರೂ ಊಹಿಸಬಹುದಾಗಿತ್ತು. ಆದದ್ದು ಅದಕ್ಕೆ ವಿರುದ್ಧ. ನಿಲಂಬಕ ರೂಪುಗೊಳ್ಳಲಿಲ್ಲ, ಭ್ರೂಣಕ್ಕೆ ತಲೆ ಯಾವುದು ಬುಡ ಯಾವುದು ಎಂಬ ವ್ಯವಸ್ಥೆಯೇ ಏರ್ಪಡಲಿಲ್ಲ. ಸಾಯಲಾರದ ಭ್ರೂಣ ಹುಟ್ಟಲೂ ಆರದು ಎಂಬ ಸಂಗತಿ 2004ರಲ್ಲಿ ಪ್ರಕಟವಾಯಿತು. ಸಾಯಲಿರುವ ಕೋಶಗಳಲ್ಲಿ ಈ ಕಿಣ್ವವು ಕೋಶಕೇಂದ್ರವನ್ನು ಸೇರಿ ಅದರ ವಿನಾಶಕ್ಕೆ ಕಾರಣವಾಗುತ್ತದೆ ಎಂದು ಮರುವರ್ಷ ತಿಳಿಯಿತು. ಜೊತೆಗೆ ಕೋಶದೊಳಗಿನ ರಸದಾನಿಗಳು ಹಿಗ್ಗಿ ಒಳಗಿನ ವಸ್ತುಗಳನ್ನೆಲ್ಲ ನುಂಗಿ ಜೀರ್ಣಿಸುತ್ತವೆ. ಈ ಕ್ರಮ ಕೆಟ್ಟರೂ ಕೋಶ ಸಾಯುತ್ತದೆ, ಆದರೆ ಅಸ್ತವ್ಯಸ್ತವಾಗಿ ಸಾಯುತ್ತದೆ. ಆಗ ಭ್ರೂಣದ ಬೆಳವಣಿಗೆಯೂ ಕುಂಠಿತವಾಗುತ್ತದೆಂದು 2013ರಲ್ಲಿ ಕಂಡುಬಂದಿತು. ಸಾವು ಬಂದರೆ ಸಾಲದು, ಅದು ಕ್ರಮವಾಗಿ ಬರಬೇಕು.

ಸ್ಪ್ರೂಸ್ ಮರಕ್ಕೂ ಮನುಷ್ಯನಿಗೂ ಇಲ್ಲಿ ಒಂದು ನಂಟು ಇದೆ. ಎರಡರಲ್ಲಿಯೂ ಇರುವ ಒಂದು ಪ್ರೋಟೀನನ್ನು ಸಾಯುವ ಹೊತ್ತಿನಲ್ಲಿ ಮರದ ಮೆಟಾಕ್ಯಾಸ್ಪೇಸ್ ಕತ್ತರಿಸುತ್ತದೆ, ಮನುಷ್ಯನ ಕ್ಯಾಸ್ಪೇಸ್ ಕೂಡ ಕತ್ತರಿಸುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಸಾಯಬೇಕಾದ ಕೋಶಗಳು ಸಾಯದೆ ಬೆಳೆಯುತ್ತ ಹೋಗುವುದು ಅರ್ಬುದ ರೋಗದ ಲಕ್ಷಣಗಳಲ್ಲಿ ಒಂದು. ಬೆರಳುಗಳ ನಡುವಿನ ಕೋಶಗಳು ಗರ್ಭದಲ್ಲಿಯೇ ಅಳಿಯುವುದರಿಂದ ಶಿಶುವಿನ ಬೆರಳುಗಳು ಬಿಡಿಬಿಡಿಯಾಗುತ್ತವೆ. ಹೀಗಾಗಿ ಒಂದು ಬೀಜದ ಅಧ್ಯಯನ ಎಲ್ಲ ಜೀವಿಗಳ ಒಡಲಿನ ಮೇಲೂ ಬೆಳಕು ಚೆಲ್ಲುತ್ತದೆ.

ಈ ಕೋಶಗಳು ತ್ಯಾಗ ಮಾಡಿದವೆಂದು ಹೇಳುವುದು ಕವಿಗಳಿಗೆ ಒಪ್ಪುವ ಮಾತು. ಕೋಶಕ್ಕೆ ಮನಸ್ಸಿಲ್ಲ, ತ್ಯಾಗದ ಅರಿವೂ ಇಲ್ಲ. ವಂಶವಾಹಿಗಳಲ್ಲಿ ಬರೆದ ಕ್ರಮವನ್ನು ಅದು ಪಾಲಿಸುತ್ತದೆ, ಅಷ್ಟೆ. ಆದರೆ ಗಜನಿಯ ಗದ್ದೆಯಲ್ಲಿ ತಲೆಯೆತ್ತಿದ ಭತ್ತದ ಪೈರಿನಲ್ಲಿಯೂ ಹಿಮಾಲಯದ ಮುಗಿಲಿಗೆ ಚಾಚಿದ ದೇವದಾರುವಿನಲ್ಲಿಯೂ ಎಷ್ಟೋ ಕೋಶಗಳ ಸಕಾಲದ ಸಾವು ಅಡಗಿದೆ ಎಂಬುದನ್ನು ತಿಳಿದವರು ಹಸುರನ್ನು ಇನ್ನಷ್ಟು ಆದರದಿಂದ ನೋಡುತ್ತಾರೆ.

ಅಭ್ಯಾಸ

1. ಯೋಜಿತ ಕೋಶಮರಣ ಎಂದರೇನು? ಅದು ರೋಗದಿಂದ ಬರುವ ಸಾವಿಗಿಂತ ಹೇಗೆ ಭಿನ್ನ?
2. ಕೆಸರಿನಲ್ಲಿರುವ ಭತ್ತದ ಬೇರಿಗೆ ಗಾಳಿ ದೊರೆಯುವ ಬಗೆಯನ್ನು ವಿವರಿಸಿ.
3. ಗಾಳಿಮರವು ಶಂಕುಧಾರಿ ಮರವಲ್ಲ. ಏಕೆ?
4. ನಿಲಂಬಕದ ಕೆಲಸವೇನು? ಅದರಲ್ಲಿ ಸಾವಿನ ಹಂತಗಳು ಹೇಗೆ ಕಾಣುತ್ತವೆ?
5. ‘ಸಾಯಲಾರದ ಭ್ರೂಣ ಹುಟ್ಟಲೂ ಆರದು’ - ಈ ಮಾತನ್ನು ಸ್ಪ್ರೂಸ್ ಮರದ ಪ್ರಯೋಗದ ಆಧಾರದಿಂದ ಸಮರ್ಥಿಸಿ.