ನೋಡೋದು ಮಾತ್ರವೋ, ಸ್ಟೆಂಟೂ ಹಾಕ್ತೀರೋ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಶುಗರ್ ಇದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗಿ, ಕೂತರೆ ಸರಿಹೋಗುತ್ತದೆ. ಮುಂದಿನ ವಾರ ಆಂಜಿಯೋಗ್ರಾಂ. ಡಾಕ್ಟರನ್ನು ಏನೇನು ಕೇಳಬೇಕು? ಜಾಸ್ತಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ.

ಉತ್ತರ: ಮಾಡಿಕೊಂಡರೂ ಕೇಳಿ. ಮೊದಲು ಇದನ್ನು: "ಡಾಕ್ಟ್ರೇ, ಅವತ್ತು ನೋಡೋದು ಮಾತ್ರಾನಾ, ಬ್ಲಾಕ್ ಕಂಡರೆ ಸ್ಟೆಂಟೂ ಹಾಕಿಬಿಡ್ತೀರಾ?"

ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಸಣ್ಣ ನಳಿಕೆ ತೂರಿಸಿ, ಡೈ ಬಿಟ್ಟು, ಹೃದಯದ ರಕ್ತನಾಳಗಳ ಚಿತ್ರ ತೆಗೆಯುವುದು ಆಂಜಿಯೋಗ್ರಾಂ. ಅದು ಬರೀ ಪರೀಕ್ಷೆ. ಆದರೆ ಅದೇ ಟೇಬಲ್ ಮೇಲೆ ಸ್ಟೆಂಟ್ ಹಾಕಿ ಮುಗಿಸುವುದೂ ರೂಢಿಯಲ್ಲಿದೆ. ಹೊರಗೆ ಕಾಯುತ್ತಿದ್ದವರನ್ನು ಕರೆದು "ತೊಂಬತ್ತು ಪರ್ಸೆಂಟ್ ಬ್ಲಾಕ್, ಸೈನ್ ಮಾಡಿ" ಎಂದರೆ ಯಾರ ತಲೆ ಓಡೀತು? ಒಳಗೆ ಮಲಗಿದ ಅಪ್ಪನಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಕೇಳುವುದು ಮಾತ್ರ ಮಗನನ್ನು!

ಹಾರ್ಟ್ ಅಟ್ಯಾಕೇ ಆಗುತ್ತಿದ್ದರೆ ಚರ್ಚೆಗೆ ಹೊತ್ತಿಲ್ಲ, ನಾಳ ತಕ್ಷಣ ತೆರೆಯಬೇಕು. ನೀವು ಹೇಳಿದಂಥ ನೋವಿಗೆ ಸಾಮಾನ್ಯವಾಗಿ ಯೋಚಿಸಲು ಸಮಯವಿರುತ್ತದೆ. 2007ರ ಕರೇಜ್, 2020ರ ಇಸ್ಕೀಮಿಯಾ ಅಧ್ಯಯನಗಳಲ್ಲಿ ಇಂಥವರಿಗೆ ಸ್ಟೆಂಟಿನಿಂದ ಎದೆನೋವು ತಗ್ಗಿತು. ಆದರೆ ಮಾತ್ರೆಗಳನ್ನಷ್ಟೇ ನಂಬಿದವರಿಗಿಂತ ಸಾವೇನೂ ಕಡಿಮೆಯಾಗಲಿಲ್ಲ. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ ಲೆಕ್ಕ ಬೇರೆ. ಸುಮ್ಮನೆ ಕೂತಾಗಲೂ ನೋವು ಬಂದರೆ, ದಿನೇ ದಿನೇ ಜಾಸ್ತಿಯಾದರೆ ಮುಂದಿನ ವಾರಕ್ಕೆ ಕಾಯದೆ ಕ್ಯಾಶುವಾಲ್ಟಿಗೆ ಹೋಗಿ.

ಕಾನೂನೂ ನಿಮ್ಮ ಕಡೆಗಿದೆ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಕೊಟ್ಟಂತಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲ್ಯಾಪರೋಸ್ಕೋಪಿಗೆಂದು ಮಲಗಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣ ಅದು. ಜೀವ ಉಳಿಸಲು ಇಲ್ಲವೇ ಆರೋಗ್ಯ ಕಾಪಾಡಲು ತಡಮಾಡದೆ ಮಾಡಲೇಬೇಕಿದ್ದರಷ್ಟೇ ವಿನಾಯಿತಿ. ಹಾಗಾಗಿ ಒಪ್ಪಿಗೆ ಫಾರಂನಲ್ಲಿ ಆಂಜಿಯೋಗ್ರಾಂ ಜೊತೆಗೆ ಆಂಜಿಯೋಪ್ಲಾಸ್ಟಿ (ಅಂದರೆ ಸ್ಟೆಂಟ್ ಹಾಕುವ ಚಿಕಿತ್ಸೆ) ಅಂತಲೂ ಇದೆಯೇ ನೋಡಿ. ಅಪ್ಪನ ಮನಸ್ಸಿನಲ್ಲೇನಿದೆ ಎಂಬುದು ಮನೆಯಲ್ಲೇ ಗೊತ್ತಾಗಲಿ.

ಡೈ ಕಿಡ್ನಿಗೆ ಹೊರೆ. ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ, ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಕೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಅಲರ್ಜಿ ಇದ್ದರೆ ಹೇಳಿ. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಮುಗಿದ ಮೇಲೆ ಆಂಜಿಯೋಗ್ರಾಂನ ಸಿ.ಡಿ. ಕೇಳಿ ಪಡೆಯಿರಿ. ಅನುಮಾನವಿದ್ದರೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಆಸ್ಪತ್ರೆಯಲ್ಲೋ ಬೇರೆ ಹೃದ್ರೋಗ ತಜ್ಞರಲ್ಲೋ ತೋರಿಸಬಹುದು.