ನೀರಿನ ಪರೀಕ್ಷೆಯ ಫಲ ಯಾರಿಗೆ ತಿಳಿಯಬೇಕು?

ಕುಡಿಯುವ ನೀರನ್ನು ಕುರಿತು ನಡೆದ ಸಂಶೋಧನೆಗಳಿಗೆ ಕೊರತೆಯಿಲ್ಲ. ಅವುಗಳ ಫಲವು ಬಿಂದಿಗೆ ಹಿಡಿದು ನಿಂತವರಿಗೆ ಎಂದು, ಯಾವ ಮಾತಿನಲ್ಲಿ ತಲಪುತ್ತದೆ ಎಂಬುದೇ ವಿಚಾರಿಸಬೇಕಾದ ವಿಷಯ.

ನಾರುಹುಣ್ಣಿನ ಚರಿತ್ರೆಯನ್ನೇ ನೋಡೋಣ. ಹುಣ್ಣಾದ ಕಾಲಿನಿಂದ ಮೆಟ್ಟಿಲು ಬಾವಿಗೆ ಇಳಿದರೆ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ. ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಕುಡಿದವನ ಕಾಲಿನಿಂದ ವರ್ಷದ ಮೇಲೆ ನಾರಿನಂಥ ಹುಳು ಹೊರಬರುತ್ತದೆ. ರಷ್ಯದ ಫೆಡ್ಚೆಂಕೊ ಸೈಕ್ಲಾಪ್ಸಿನ ಪಾತ್ರವನ್ನು ಕಂಡುಕೊಂಡದ್ದು 1870ರ ಸುಮಾರಿಗೆ. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಇದ್ದ ಈ ರೋಗದ ನಿರ್ಮೂಲನಕ್ಕೆ ನಮ್ಮ ದೇಶದಲ್ಲಿ ಕಾರ್ಯಕ್ರಮ ಆರಂಭವಾದದ್ದು 1983-84ರಲ್ಲಿ. ನಡುವೆ ನೂರು ವರ್ಷಕ್ಕೂ ಹೆಚ್ಚು ಕಾಲ! ಇದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗಿಳಿಯಬೇಡಿ ಎಂಬ ಎರಡು ಮಾತುಗಳನ್ನು ಊರೂರಿಗೆ ಮುಟ್ಟಿಸಿದರು. ಮೆಟ್ಟಿಲು ಬಾವಿಗಳ ಬದಲು ಕೊಳವೆ ಬಾವಿಗಳನ್ನು ತೆಗೆಸಿದರು. 1996ರ ಜುಲೈಯಲ್ಲಿ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು.

ಆದರೆ ಕೊಳವೆ ಬಾವಿಯ ನೀರಿಗೆ ಅದರದೇ ಆದ ದೋಷವುಂಟು. ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಸೇರಬಹುದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನೇ ನಿತ್ಯ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಅಳಿಸಲಾಗದ ಕಲೆಗಳು ಮೂಡುತ್ತವೆ. ಪ್ರಮಾಣ ಬಹಳ ಹೆಚ್ಚಿದ್ದರೆ ಕಾಲಕ್ರಮೇಣ ಮೂಳೆಗಳು ಬಿಗಿಯುತ್ತವೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ಪ್ರಯೋಜನವಿಲ್ಲ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕಾಯಿಸಿದ ನೀರೆಂದರೆ ಶುದ್ಧ ನೀರೆಂದು ನಂಬಿರುವ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಫ್ಲೋರೈಡ್ ಕಂಡುಬಂದಿರುವ ಜಿಲ್ಲೆಗಳ ಪಟ್ಟಿಯಲ್ಲಿ ಚಾಮರಾಜನಗರವೂ ಇದೆ. ಆದರೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಕಾಡಿನಂಚಿನ ಮದ್ದೂರಿನವರಿಗೆ ಆ ಪಟ್ಟಿಯಿಂದ ಏನು ತಿಳಿದೀತು? ಒಂದೇ ಊರಿನ ಎರಡು ಕೊಳವೆ ಬಾವಿಗಳಲ್ಲಿಯೇ ಪ್ರಮಾಣ ಬೇರೆ ಬೇರೆ ಇರುವುದುಂಟು. ಅವರಿಗೆ ಬೇಕಾದದ್ದು ಜಿಲ್ಲೆಯ ಸರಾಸರಿಯಲ್ಲ, ತಾವು ಕುಡಿಯುವ ಬಾವಿಯ ಫಲಿತಾಂಶ.

ಬಂಗ್ಲಾದೇಶದವರು ಇದನ್ನು ಚೆನ್ನಾಗಿ ಅರಿತರು. ಅಲ್ಲಿ ಆರ್ಸೆನಿಕ್ ವಿಷವಿದ್ದ ಕೈಪಂಪುಗಳ ಬಾಯಿಗೆ ಕೆಂಪು ಬಣ್ಣ, ಇಲ್ಲದವಕ್ಕೆ ಹಸಿರು ಬಣ್ಣ ಬಳಿದರು. ಅಕ್ಷರ ಬಾರದವಳೂ ಆ ವರದಿಯನ್ನು ಓದಬಲ್ಲಳು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡು ಇದೆ. ಇದು ನನಗೆ ಪ್ರಯೋಗಶಾಲೆಗಿಂತಲೂ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಪರೀಕ್ಷಿಸಿದವರೇ ಆ ನೀರನ್ನು ಹೊರುವವರು. ಅವರ ಫಲಿತಾಂಶ ಪಂಚಾಯಿತಿಯ ದಫ್ತರಿನಲ್ಲಿ ಅಂಕಿಯಾಗಿ ಕುಳಿತರೆ ಸಾಲದು. ನಲ್ಲಿಯ ಪಕ್ಕದ ಗೋಡೆಯ ಮೇಲೆ, “ಈ ನೀರು ಬಟ್ಟೆ ಒಗೆಯಲು ಆದೀತು, ಅಡಿಗೆಗೆ ಕುಡಿಯಲು ಬೇಡ” ಎಂದು ಸುಣ್ಣದಲ್ಲಿ ಬರೆಯಬೇಕು.