ಮಾರ್ಗಸೂಚಿ ರೋಗಿಯವರೆಗೆ ತಲುಪಲು: ವಾರ್ಡಿನ ಕ್ಲಿನಿಕ್ಕಿಗೆ ಒಂಬತ್ತು ಸೂತ್ರಗಳು

ಕ್ಷಯ ರೋಗಿಗಳು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಮನೆಮನೆಗೆ ಹೋಗಿ ಹುಡುಕಬೇಕು ಎಂದು ನಂಬಿದ್ದ ಕಾಲವೊಂದಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಮಾತಾಡಿಸಿದರು. 1963ರಲ್ಲಿ ಅಧ್ಯಯನ ಪ್ರಕಟವಾದಾಗ ಕಂಡದ್ದು ಬೇರೆಯೇ: ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ.

ಇವತ್ತು ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಹಲವು ವಾರ್ಡುಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ, ನಗರ ಆರೋಗ್ಯ ಕೇಂದ್ರಗಳಿವೆ, ಬೀದಿಗೊಬ್ಬ ಖಾಸಗಿ ವೈದ್ಯರಿದ್ದಾರೆ. ಮಾರ್ಗಸೂಚಿಗಳ ಪಿಡಿಎಫ್ ಎಲ್ಲರ ಫೋನಿನಲ್ಲೂ ಇದೆ. ಅದು ಕ್ಲಿನಿಕ್ಕಿನ ದಿನದ ಕೆಲಸವಾಗಿ ಇಳಿಯದ ಹೊರತು ರೋಗಿಗೆ ಪ್ರಯೋಜನವಿಲ್ಲ. ಇಳಿಸುವ ದಾರಿ ಹೀಗಿದೆ.

1. ಒಂದೇ ಕಾಯಿಲೆಯಿಂದ ಶುರುಮಾಡಿ

ಹತ್ತು ಮಾರ್ಗಸೂಚಿಗಳನ್ನು ಒಟ್ಟಿಗೆ ಜಾರಿಗೆ ತರಲು ಹೊರಟರೆ ಒಂದೂ ನಿಲ್ಲುವುದಿಲ್ಲ. ನನ್ನ ಕೇಳಿದರೆ, ಬಿಪಿಯಿಂದ ಆರಂಭಿಸಿ. ರೋಗಿಗಳು ಹೆಚ್ಚು, ಮಾತ್ರೆ ಅಗ್ಗ, ಫಲಿತಾಂಶವನ್ನು ಅಳೆಯಬಹುದು. ಬಿಪಿಗೆ ಕಟ್ಟಿದ ವ್ಯವಸ್ಥೆಯ ಮೇಲೆಯೇ ನಾಳೆ ಶುಗರ್ ಕೂರುತ್ತದೆ.

2. ಗೋಡೆಗೆ ಒಂದೇ ಹಾಳೆ

2017ರಲ್ಲಿ ಶುರುವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಬಲ ಅದರ ಸರಳತೆಯಲ್ಲಿದೆ. ಯಾವ ಮಾತ್ರೆ ಮೊದಲು, ಎಷ್ಟು ಮಿಲಿಗ್ರಾಂ, ತಿಂಗಳ ನಂತರವೂ 140/90ಕ್ಕಿಂತ ಕೆಳಗಿಳಿಯದಿದ್ದರೆ ಮುಂದಿನ ಹೆಜ್ಜೆ ಏನು, ಎಲ್ಲವೂ ಒಂದು ಪುಟದಲ್ಲಿ. ಅಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40 ಎಂದು ಹೆಸರು, ಪ್ರಮಾಣ ಸಮೇತ ಬರೆದಿರುತ್ತದೆ. ಗರ್ಭಿಣಿಗೆ ಟೆಲ್ಮಿಸಾರ್ಟನ್ ಕೂಡದು ಎಂಬುದನ್ನು ಅದೇ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆಸಿ.

ಈ ಹಾಳೆ ಯಾಕೆ ಬೇಕು? ಬಿಪಿ 156/94 ಇದ್ದರೂ ಚೀಟಿಯಲ್ಲಿ ‘ಅದೇ ಮಾತ್ರೆ ಮುಂದುವರಿಸಿ’ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ‘ಮುಂದಿನ ತಿಂಗಳು ನೋಡೋಣ’ ಎನ್ನುವುದು ಸುಲಭ. ಹಾಗೆ ಒಂದೊಂದು ತಿಂಗಳಾಗಿ ವರ್ಷಗಳೇ ಕಳೆದು, ಒಂದು ಬೆಳಗ್ಗೆ ಲಕ್ವ ಹೊಡೆಯುತ್ತದೆ. ಗೋಡೆಯ ಹಾಳೆ ಮುಂದಿನ ಹೆಜ್ಜೆಯನ್ನು ಇವತ್ತೇ ಇಡಿಸುತ್ತದೆ. ಹಾಳೆ ಬಿಟ್ಟು ನಡೆಯುವ ಸ್ವಾತಂತ್ರ್ಯ ವೈದ್ಯರಿಗೆ ಇದ್ದೇ ಇದೆ. ಕಾರಣವನ್ನು ಕಾರ್ಡಿನಲ್ಲಿ ಒಂದು ಸಾಲು ಬರೆದರಾಯಿತು.

3. ಅಳತೆ ಸರಿಯಿರಲಿ

ಮೆಟ್ಟಿಲು ಹತ್ತಿ ಬಂದವರಿಗೆ ನಿಂತ ನಿಲುವಿನಲ್ಲೇ ಪಟ್ಟಿ ಸುತ್ತಬೇಡಿ. ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿನ ಮೇಲೆ. ಅಳೆಯುವಾಗ ಮಾತು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯೊಂದನ್ನು ತರಿಸಿಡಿ. ಈ ಕೆಲಸ ಪೂರ್ತಿ ಸ್ಟಾಫ್ ನರ್ಸ್ ಕೈಗೆ ಬಿಡಿ. ಅವರು ಇದನ್ನು ವೈದ್ಯರಿಗಿಂತ ಶಿಸ್ತಾಗಿ ಮಾಡುತ್ತಾರೆ.

4. ಕಪಾಟಿನಲ್ಲಿಲ್ಲದ ಮಾತ್ರೆ ಚೀಟಿಯಲ್ಲಿ ಇದ್ದೂ ಇಲ್ಲ

ಫ್ರೇಜರ್ ಟೌನ್ ದಾಟಿ ಟ್ಯಾನರಿ ರಸ್ತೆ ಹಿಡಿದು ಹೋದರೆ ಕಾಡುಗೊಂಡನಹಳ್ಳಿ ಸಿಗುತ್ತದೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುತ್ತಿ, 2012ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಪ್ರತಿ ವೈದ್ಯರೂ ಓದಬೇಕು. ಬಿಪಿ, ಶುಗರ್‌ನಂಥ ದೀರ್ಘ ಕಾಯಿಲೆ ಇದ್ದ ಕುಟುಂಬಗಳಲ್ಲಿ ಸುಮಾರು ಶೇ 70ರಷ್ಟು ಹೊರರೋಗಿ ಚಿಕಿತ್ಸೆಗೆ ಕೈಯಿಂದ ಹಣ ಕೊಟ್ಟಿದ್ದವು. ಶೇ 16ರಷ್ಟು ಕುಟುಂಬಗಳು ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಇದಕ್ಕೇ ಸುರಿದಿದ್ದವು. ಶಸ್ತ್ರಚಿಕಿತ್ಸೆಯ ಖರ್ಚಲ್ಲ ಇದು. ತಿಂಗಳ ತಿಂಗಳ ಮಾತ್ರೆ, ಪರೀಕ್ಷೆ, ಫೀಸು.

ಹೀಗಿರುವಾಗ ಮಾತ್ರೆ ನಿಲ್ಲಿಸಿದ ರೋಗಿಯನ್ನು ‘ಅಸಡ್ಡೆ’ ಎಂದು ಬೈಯುವುದು ಅನ್ಯಾಯ. ಮಾರ್ಗಸೂಚಿಯ ನಾಲ್ಕೈದು ಮಾತ್ರೆಗಳ ದಾಸ್ತಾನನ್ನು ಪ್ರತಿ ಸೋಮವಾರ ಎಣಿಸಿ. ಒಂದು ತಿಂಗಳಿಗಾಗುವಷ್ಟಕ್ಕೆ ಇಳಿದ ದಿನವೇ ಇಂಡೆಂಟ್ ಹಾಕಿ. ರೋಗಿಗೆ ವಾರದ ಮಾತ್ರೆ ಕೊಟ್ಟು ಮತ್ತೆ ಮತ್ತೆ ಕರೆಸಬೇಡಿ, ಮೂವತ್ತು ದಿನದ್ದು ಕೊಡಿ. ಕೆ.ಆರ್. ಪುರದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ. ಖಾಸಗಿ ವೈದ್ಯರಾದರೆ ಬ್ರ್ಯಾಂಡ್ ಬಿಟ್ಟು ಔಷಧದ ಮೂಲ ಹೆಸರು ಬರೆದು, ಹತ್ತಿರದ ಜನೌಷಧಿ ಕೇಂದ್ರ ಎಲ್ಲಿದೆ ಎಂದು ಹೇಳಿ.

5. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಬರೆಯುವ ಮುನ್ನ ಕಫ ಪರೀಕ್ಷೆ

ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರಂತೂ ತಡಮಾಡಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಕ್ಷಯ ಹೆಚ್ಚು, ಹಾಗಾಗಿ ಶುಗರ್ ರೋಗಿ ಬಂದಾಗಲೆಲ್ಲ ಕೆಮ್ಮಿನ ಬಗ್ಗೆ ಕೇಳಿ, ಕ್ಷಯ ಪತ್ತೆಯಾದ ಪ್ರತಿಯೊಬ್ಬರ ಶುಗರ್ ನೋಡಿ.

ಊಟವೂ ಚಿಕಿತ್ಸೆಯ ಭಾಗ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಪ್ರಯೋಗ ಇದನ್ನು 2023ರಲ್ಲಿ ಅಂಕಿಗಳಲ್ಲೇ ತೋರಿಸಿತು. ರೋಗಿಯ ಕುಟುಂಬಕ್ಕೂ ಪೌಷ್ಟಿಕ ಪಡಿತರ ಕೊಟ್ಟಾಗ ಆ ಮನೆಯವರಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು ಇಳಿಯಿತು. ಔಷಧಕ್ಕಲ್ಲ, ಅಕ್ಕಿ ಬೇಳೆಗೆ ಸಂದ ಫಲ! ಕ್ಷಯ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಅದು ಖಾತೆಗೆ ಬಿತ್ತೇ ಎಂದು ಕೇಳುವುದನ್ನು ಮಾತ್ರೆ ನುಂಗಿದಿರಾ ಎಂದು ಕೇಳುವಷ್ಟೇ ಮುಖ್ಯವೆಂದು ತಿಳಿಯಿರಿ.

6. ರಂಜಾನ್ ಬರುವ ಎರಡು ತಿಂಗಳ ಮೊದಲೇ ಮಾತಾಡಿ

ಶಿವಾಜಿನಗರದಲ್ಲಿ ಶುಗರ್ ನೋಡುವ ವೈದ್ಯರಿಗೆ ಇದು ವರ್ಷದ ಬಹಳ ಮುಖ್ಯವಾದ ಕೆಲಸ. ‘ನಿಮಗೆ ಶುಗರ್ ಇದೆ, ಉಪವಾಸ ಬೇಡ’ ಎಂದಷ್ಟೇ ಹೇಳಿದರೆ ಅನೇಕರು ತಲೆಯಾಡಿಸಿ ಹೋಗಿ, ಮನೆಯಲ್ಲಿ ಉಪವಾಸ ಹಿಡಿದು ಬೆಳಗಿನ ಮಾತ್ರೆಯನ್ನು ತಾವೇ ಬಿಟ್ಟುಬಿಡುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಪರಿಷ್ಕರಿಸಿದ ರಂಜಾನ್ ಮಾರ್ಗಸೂಚಿಯೇ ಇದೆ. ಯಾರಿಗೆ ಅಪಾಯ ಹೆಚ್ಚು ಎಂದು ಆರರಿಂದ ಎಂಟು ವಾರ ಮೊದಲೇ ವಿಂಗಡಿಸಿ. ದಿನಕ್ಕೊಂದೇ ಗ್ಲಿಮೆಪಿರೈಡ್ ನುಂಗುವವರಿಗೆ ಅದನ್ನು ಇಫ್ತಾರ್ ಹೊತ್ತಿಗೆ ಬದಲಿಸಿ. ಇನ್ಸುಲಿನ್ ತೆಗೆದುಕೊಳ್ಳುವವರ ಪ್ರಮಾಣವನ್ನು ಒಬ್ಬೊಬ್ಬರನ್ನೇ ಕೂರಿಸಿ ಹೊಂದಿಸಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಲೇಬೇಕು. ಬೆರಳು ಚುಚ್ಚಿ ನೋಡಿಕೊಂಡರೆ ಉಪವಾಸ ಕೆಡದು. ಈ ಮಾತನ್ನು ಉರ್ದುವಿನಲ್ಲಿ ಹೇಳಿ. ಹತ್ತಿರದ ಮಸೀದಿಯ ಹಿರಿಯರಿಂದಲೂ ಹೇಳಿಸಿದರೆ ಇನ್ನೂ ಚೆನ್ನ. ಹಾಗೆಯೇ ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದಲ್ಲಿ ತೆಲುಗು, ಹಿಂದಿ. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಸಲಹೆಯನ್ನು ಯಾರೂ ಪಾಲಿಸಲಾರರು.

7. ಬೇಡದ್ದನ್ನು ಬಿಡಿ

ನೆಗಡಿಗೆ ಆ್ಯಂಟಿಬಯೋಟಿಕ್ ಬೇಡ. ಮಗುವಿನ ನೀರು ಭೇದಿಗೆ ಓಆರ್‌ಎಸ್ ಮತ್ತು ಹದಿನಾಲ್ಕು ದಿನ ಜಿಂಕ್ ಸಾಕು: ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಮಲದಲ್ಲಿ ರಕ್ತ ಇದ್ದರೆ ಮಾತು ಬೇರೆ. ತಾಯಿ ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳಿದಾಗ ಎರಡು ನಿಮಿಷ ಕೊಟ್ಟು, ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು ಎಂದು ವಿವರಿಸಿ.

8. ಬಾರದವರ ಪಟ್ಟಿ ಮಾಡಿ

ಎದುರಿಗೆ ಕೂತವರಿಗೆ ಎಲ್ಲರೂ ಚಿಕಿತ್ಸೆ ಕೊಡುತ್ತಾರೆ. ಅಪಾಯ ಇರುವುದು ಬರದೆ ಉಳಿದವರಿಗೆ. ಬರಬೇಕಾದ ದಿನ ದಾಟಿದವರ ಹೆಸರನ್ನು ವಾರಕ್ಕೊಮ್ಮೆ ತೆಗೆಯಿರಿ, ಮೊದಲು ಫೋನ್ ಮಾಡಿ, ಫೋನ್ ಹೋಗದಿದ್ದರೆ ಆಶಾ ಕಾರ್ಯಕರ್ತೆಗೆ ವಿಳಾಸ ಕೊಡಿ. ‘ಯಾಕಮ್ಮ ಬರಲಿಲ್ಲ?’ ಎಂಬುದಕ್ಕಿಂತ ‘ಮಾತ್ರೆ ಮುಗಿದಿದೆಯಾ ಅಮ್ಮ, ಇಟ್ಟಿದ್ದೇವೆ ಬನ್ನಿ’ ಎಂಬ ಮಾತು ಜನರನ್ನು ಬೇಗ ಕರೆತರುತ್ತದೆ. ಬೌರಿಂಗ್‌ಗೋ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ಕಳುಹಿಸಿದವರೂ ಈ ಪಟ್ಟಿಯಲ್ಲಿರಲಿ. ಈವರೆಗೆ ಕೊಟ್ಟ ಮಾತ್ರೆಗಳ ವಿವರ ಬರೆದ ಪತ್ರ ಅವರ ಕೈಯಲ್ಲಿರಲಿ.

9. ತಿಂಗಳಿಗೊಮ್ಮೆ ಲೆಕ್ಕ ಹಾಕಿ

ಕೊನೆಯ ಶನಿವಾರ ಅರ್ಧ ಗಂಟೆ ಸಾಕು. ನೋಂದಾಯಿತ ಬಿಪಿ ರೋಗಿಗಳ ಇಪ್ಪತ್ತು ಕಾರ್ಡುಗಳನ್ನು ಆರಿಸದೆ ಎಳೆಯಿರಿ. ಕಳೆದ ಭೇಟಿಯಲ್ಲಿ 140/90ಕ್ಕಿಂತ ಕೆಳಗಿದ್ದವರೆಷ್ಟು, ಮೇಲಿದ್ದವರೆಷ್ಟು, ಮೂರು ತಿಂಗಳಿಂದ ಬಾರದವರೆಷ್ಟು ಎಂದು ಎಣಿಸಿ. ಬಾರದವರನ್ನು ಲೆಕ್ಕದಿಂದ ತೆಗೆದು ಅಂಕಿಯನ್ನು ಚಂದ ಮಾಡಬೇಡಿ. ವೈದ್ಯರು, ನರ್ಸ್, ಫಾರ್ಮಸಿಸ್ಟ್, ಆಶಾ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ನೋಡಿ, ಯಾರನ್ನೂ ದೂರಬೇಡಿ. ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಆ ತಿಂಗಳು ಯಾವ ಮಾತ್ರೆ ಖಾಲಿಯಾಗಿತ್ತು ಎಂದು ಮೊದಲು ನೋಡಿ, ಆಮೇಲೆ ಬಾರದವರಿಗೆ ಫೋನ್ ಹೋಗಿತ್ತೇ ಎಂದು ಕೇಳಿ. ಎರಡೂ ಸರಿಯಿದ್ದರೆ, ಬಿಪಿ ಮೇಲಿದ್ದವರ ಕಾರ್ಡುಗಳನ್ನು ಗೋಡೆಯ ಹಾಳೆಯ ಪಕ್ಕ ಹಿಡಿದು, ಡೋಸ್ ಏರಿಸಬೇಕಿದ್ದ ದಿನ ಏರಿಸಿದ್ದೇವೆಯೇ ಎಂದು ಒಂದೊಂದಾಗಿ ಓದಿ.